ಯಾವ ಬಾಗಿಲಲ್ಲಿ ಬಂದರೆ ಕನ್ನಡ

ಹೊಸ ಕಂಪ್ಯೂಟರು ಕೈಗೆ ಬಂದಾಗ ಕೆಲವರು ಅದರ ಪರದೆಗೆ ಮಕ್ಕಳ ಫೋಟೊ ಹಾಕಿಕೊಳ್ಳುತ್ತಾರೆ. ಕೆಲವರು ಕುಂಕುಮ ಹಚ್ಚುತ್ತಾರೆ; ನಮ್ಮ ಕಾಲೇಜಿನ ಕಚೇರಿಯ ಕಂಪ್ಯೂಟರಿನಲ್ಲಿ ಆಯುಧಪೂಜೆಯ ಕುಂಕುಮ ಇವತ್ತಿಗೂ ಕೀಲಿಗಳ ಸಂದಿಯಲ್ಲಿದೆ. ನಾನು ಮಾಡುವುದು ಯಾರಿಗೂ ಕಾಣದ ಕೆಲಸ. ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆಯುತ್ತೇನೆ. ಚುಕ್ಕಿಯಿಂದ ಶುರುವಾಗುವ ಹೆಸರಿನ, ಆದ್ದರಿಂದಲೇ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಎರಡು ಮೂರು ಪುಟ್ಟ ಕಡತಗಳನ್ನು ಹುಡುಕುತ್ತೇನೆ. ಒಂದೊಂದರಲ್ಲೂ ಒಂದೊಂದು ಸಾಲು ಬರೆಯುತ್ತೇನೆ. ಆ ಕಡತವನ್ನು ಯಂತ್ರ ಓದಿಕೊಂಡಾಗಲೆಲ್ಲ ಅದರ ಹೆಸರನ್ನೂ ಆಗಿನ ಹೊತ್ತನ್ನೂ ಒಂದು ಪಟ್ಟಿಯಲ್ಲಿ ಗುರುತು ಹಾಕುವುದಷ್ಟೇ ಆ ಸಾಲಿನ ಕೆಲಸ.

ಇದನ್ನು ನೋಡಿದ ಸಹೋದ್ಯೋಗಿಯೊಬ್ಬರು, "ಯಾರ ಮೇಲಮ್ಮ ಅನುಮಾನ ನಿನಗೆ?" ಎಂದರು. ನನಗೆ ಅನುಮಾನವಿರುವುದು ನನ್ನ ಮೇಲೆ ಮಾತ್ರ. ಶ್ರೀರಂಗಪಟ್ಟಣದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು, ಎಲ್ಲವನ್ನೂ ಎರಡೆರಡು ಸಲ ಪರೀಕ್ಷಿಸುವವಳೆಂಬ ಹೆಸರು ಉಳಿಸಿಕೊಂಡವಳು. ಅಂಥ ನಾನೇ ಪಾಂಡವಪುರದ ಒಂದು ಮನೆಯಲ್ಲಿ ಐದು ವಾರ ಮೂರ್ಖಳಾದೆ. ಆ ಐದು ವಾರಗಳಿಗೆ ನಾನು ಕೃತಜ್ಞಳೇ. ಯಾಕೆಂದು ಹೇಳಬೇಕಾದರೆ ಮೊದಲು ಮಿಸ್ ಬಗ್ಗೆ ಹೇಳಬೇಕು.

ಮೆಹರುನ್ನೀಸಾ ಮಿಸ್ ಪಾಂಡವಪುರದ ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸಿದವರು. ಆಗ ನನ್ನದೊಂದು ತೊಂದರೆಯಿತ್ತು. ಎದ್ದು ನಿಂತು ಓದು ಎಂದರೆ ಅಕ್ಷರಗಳು ಕಣ್ಣಿಗೆ ಸರಿಯಾಗಿ ಕಾಣುತ್ತಿದ್ದವು, ದನಿ ಮಾತ್ರ ಹೊರಗೆ ಬರುತ್ತಿರಲಿಲ್ಲ. ತರಗತಿ ನಗುತ್ತಿತ್ತು. ಬೇರೆ ಮೇಷ್ಟ್ರುಗಳು ಜೋರಾಗಿ ಓದು ಅನ್ನುತ್ತಿದ್ದರು, ಜೋರೆಂಬುದು ಜೇಬಿನಲ್ಲಿಟ್ಟುಕೊಂಡ ವಸ್ತುವೆಂಬಂತೆ. ಮಿಸ್ ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನು ಲೈಬ್ರರಿ ಕೋಣೆಗೆ ಕರೆದರು. ಊಟದ ಡಬ್ಬಿ ಬಿಚ್ಚಿ, ನನಗೆ ಬೆನ್ನು ತಿರುಗಿಸಿ, ಕಿಟಕಿಯ ಕಡೆ ಮುಖ ಮಾಡಿ ಕೂತರು.

"ನಾನು ಕೇಳ್ತಾ ಇಲ್ಲ, ಊಟ ಮಾಡ್ತಾ ಇದ್ದೀನಿ. ನೀನು ನಿನ್ನ ಪಾಡಿಗೆ ಓದ್ಕೋ ಮಗಾ."

ಒಂದು ವರ್ಷ ಪೂರ್ತಿ ನಾನು ಆ ಬೆನ್ನಿಗೆ ಓದಿದೆ. ತಪ್ಪು ಓದಿದಾಗ ಅವರ ಕೈಯ ತುತ್ತು ಡಬ್ಬಿ ಮತ್ತು ಬಾಯಿಯ ನಡುವೆ ಒಂದು ಕ್ಷಣ ನಿಲ್ಲುತ್ತಿತ್ತು. ನಾನು ತಿದ್ದಿ ಓದಿದರೆ ತುತ್ತು ಮುಂದೆ ಹೋಗುತ್ತಿತ್ತು. ಈಗ ಅರವತ್ತು ಜನರ ಮುಂದೆ ನಿಂತು ಪಾಠ ಮಾಡುವಾಗ ನನ್ನ ಗಂಟಲಲ್ಲಿರುವ ದನಿ ಅಲ್ಲಿಂದ ಬಂದದ್ದು.

ಅಂಥ ಮಿಸ್‌ಗೆ ಕಣ್ಣು ಹೋಯಿತು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಕಳೆದ ವರ್ಷ ನಾನು ನೋಡಲು ಹೋದಾಗ ಅವರು ತುಂಬಿದ ಮನೆಯ ನಡುವೆ, ದಿಂಬಿಗೆ ಒರಗಿ, ಕೈಯಲ್ಲಿ ಏನೂ ಇಲ್ಲದೆ ಕೂತಿದ್ದರು. ಪುಸ್ತಕವಿಲ್ಲದ ಅವರ ಕೈಯನ್ನು ನಾನು ಮೊದಲ ಸಲ ನೋಡಿದ್ದು ಅಂದು.

"ಓದೋದು ಬಿಟ್ಬುಟ್ಟೆ ಮಗಾ," ಎಂದರು, ಕಾಫಿ ಬಿಟ್ಟೆ ಅನ್ನುವ ಹಾಗೆ.

ಮನೆಯಲ್ಲಿ ಓದುವವರಿರಲಿಲ್ಲವೆಂದಲ್ಲ. ಮಗ ಟೆಂಪೊ ಓಡಿಸುತ್ತಾರೆ, ಬೆಳಗ್ಗೆ ಹೋದರೆ ಸಂಜೆ. ಸೊಸೆ ಶಬಾನಾ ಕೆ.ಆರ್. ಪೇಟೆಯವರು, ಉರ್ದು ಶಾಲೆಯಲ್ಲಿ ಓದಿದವರು, ಕನ್ನಡವನ್ನು ನಿಧಾನವಾಗಿ ಕೂಡಿಸಿ ಓದುತ್ತಾರೆ. ನಮ್ಮಿಬ್ಬರಲ್ಲಿ ಯಾರು ದೊಡ್ಡವರೆಂದು ಇಬ್ಬರೂ ಇದುವರೆಗೆ ಕೇಳಿಕೊಂಡಿಲ್ಲ. ಹಾಗಾಗಿ ನನಗೆ ಅವರು ಅಕ್ಕ, ಅವರಿಗೆ ನಾನು ಅಕ್ಕ. ಮೊದಮೊದಲು ಅವರೇ ಪೇಪರು ಓದಿ ಹೇಳುತ್ತಿದ್ದರಂತೆ.

"ಪಾಪ, ಓದೋಳು. ನಾನು ಬಾಯಿ ಮುಚ್ಕೊಂಡು ಕೇಳ್ಬೇಕಿತ್ತು," ಎಂದರು ಮಿಸ್. "ಆಗ್ಲಿಲ್ಲ. ಅಲ್ಪಪ್ರಾಣ ಅಲ್ಲಮ್ಮ, ಮಹಾಪ್ರಾಣ ಅಂದ್ಬುಟ್ಟೆ."

"ಒಂದು ಸಲ ಅಲ್ಲ ಅಕ್ಕ, ಅಮ್ಮಿ ದಿನಾ ಅನ್ನೋರು," ಎಂದರು ಶಬಾನಾ ಅಕ್ಕ, ಹೊಲಿಗೆ ಮಿಷನ್ನಿನ ಹಿಂದಿನಿಂದ. "ನನ್ನ ಪ್ರಾಣಾನೇ ಹೋಗೋದು."

ಇಬ್ಬರೂ ನಕ್ಕರು. ಆದರೆ ಒಂದು ದಿನ ಶಬಾನಾ ಅಕ್ಕ ಪೇಪರನ್ನು ಮಡಿಸಿಟ್ಟು ಎದ್ದುಹೋದದ್ದು, ಆಮೇಲೆ ಅತ್ತೆ ಕೇಳದೇ ಹೋದದ್ದು, ಸೊಸೆ ತಾನಾಗಿ ಕೂರದೇ ಹೋದದ್ದು, ಎಲ್ಲವೂ ಆ ನಗುವಿನೊಳಗೆ ಇತ್ತು. ನನ್ನನ್ನು ಬೀಳ್ಕೊಡಲು ಗೋಡೆ ಹಿಡಿದುಕೊಂಡು ಬಂದ ಮಿಸ್ ಗೇಟಿನ ಹತ್ತಿರ ಮೆಲ್ಲಗೆ ಹೇಳಿದರು: "ಕೇಳ್ಕೊಂಡು ಓದಿಸ್ಕೊಳ್ಳೋದು ನನ್ ಕೈಲಿ ಆಗಲ್ಲ. ಜೀವನಪೂರ್ತಿ ಬೇರೆಯೋರ ಕಾಗದ ಓದಿ ಹೇಳ್ದೋಳು ನಾನು."

ಫೋನಿನಲ್ಲಿ ಓದಿಸಿಕೊಳ್ಳುವ ಸೌಕರ್ಯವಿದೆಯಲ್ಲ ಎಂದೆ.

"ಅದ ಬುಡು. ಬೆರಳು ಸವರಿದ್ರೆ ಯಾರ್ಯಾರ್ಗೋ ಹೋಗ್ತದೆ. ಮೊನ್ನೆ ನಾಗಮಂಗಲದ ಟೈರ್ ಅಂಗ್ಡಿಯೋನಿಗೆ ವಾರ್ತೆ ಓದಪ್ಪಾ ಅಂದಿವ್ನಿ. ಅವನು ಸಲಾಂ ಅಂದ್ಮೇಲೆ ಗೊತ್ತಾಗಿದ್ದು."

ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪೊಂದು ಸುಮ್ಮನೆ ಬಿದ್ದಿತ್ತು. ಎಂ.ಎಸ್ಸಿ. ಓದುವಾಗ ಅದಕ್ಕೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿಕೊಂಡಿದ್ದೆ. ಯಾರೂ ಮುಟ್ಟದೆ, ಯಾರೂ ಕೇಳದೆ, ದಿನಾ ಬೆಳಗ್ಗೆ ಆರೂವರೆಗೆ ಅದು ತಾನಾಗಿ ಅಂದಿನ ಸುದ್ದಿಯನ್ನೂ ನಾನು ಹಿಂದಿನ ದಿನ ಕಳುಹಿಸಿದ ನಾಲ್ಕು ಪುಟ ಪ್ರವಾಸಕಥನವನ್ನೂ ಗಟ್ಟಿಯಾಗಿ ಓದುವಂತೆ ಮಾಡಿದರೆ? ಆ ಹೊತ್ತಿಗೆ ಮಿಸ್ ನಮಾಜು ಮುಗಿಸಿ, ಚಹಾ ಕುಡಿದು ಕೂತಿರುತ್ತಾರೆ. ಓದುವ ಸಣ್ಣ ಕಾರ್ಯಕ್ರಮವನ್ನು ಬರೆದೆ. ಶ್ರೀರಂಗಪಟ್ಟಣದಿಂದಲೇ ಅದರೊಳಗೆ ಹೋಗಿ ಬರುವ ಏರ್ಪಾಡನ್ನೂ ಮಾಡಿದೆ. ಓದುವ ದನಿ ಕನ್ನಡದ್ದಾಗಿರಲಿ ಎಂಬ ಒಂದು ಸಾಲಿನ ಸೂಚನೆಯನ್ನು ಆ ಚುಕ್ಕಿಯ ಕಡತಗಳಲ್ಲೊಂದರಲ್ಲಿ ಬರೆದಿಟ್ಟೆ. ಒಂದು ಭಾನುವಾರ ಕಿರಂಗೂರಿನ ಮೇಲೆ ಹೋಗುವ ಬಸ್ಸಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಂಡವಪುರಕ್ಕೆ ಹೋದೆ. ಮಿಸ್ ಮುಂದೆ ಕೂತು ಕಿಟಕಿ ತೆರೆದು ಪರೀಕ್ಷೆ ಮಾಡಿದೆ. ಯಂತ್ರ ಓದಿತು. ಮೂಗಿನಲ್ಲಿ ಮಾತಾಡಿದರೂ ಕನ್ನಡವೇ.

ಮಿಸ್ ತಲೆ ಒಂದು ಕಡೆ ವಾಲಿಸಿ ಕೇಳಿದರು. "ಮಹಾಪ್ರಾಣ ಚೆನ್ನಾಗಿ ಹೇಳ್ತದೆ," ಎಂದರು.

"ಅದಕ್ಕೇನು, ಅದು ಅಡಿಗೆ ಮಾಡ್ಬೇಕಾ, ಬಟ್ಟೆ ಒಗೀಬೇಕಾ," ಎಂದರು ಶಬಾನಾ ಅಕ್ಕ.

ಸೋಮವಾರ ಬೆಳಗ್ಗೆ ಅವರದೇ ಫೋನು. "ಅಕ್ಕ, ಇದು ಇಂಗ್ಲಿಷ್‌ನಾಗೆ ಲೆಕ್ಕ ಹೇಳ್ತಾ ಐತೆ." ಹಿಂದಿನಿಂದ ಯಂತ್ರದ ದನಿ ಕೇಳಿಸುತ್ತಿತ್ತು: ಟ್ವೆಂಟಿ ತ್ರೀ. ಫೋರ್. ಒನ್ ಹಂಡ್ರೆಡ್ ಟೆನ್. ಆಮೇಲೆ ದೀರ್ಘ ಮೌನ. ನೈನ್.

ಆಗಿದ್ದೇನೆಂದರೆ, ಯಾರೂ ಏನೂ ಹೇಳದಿದ್ದರೆ ಆ ಓದುವ ದನಿಗೆ ಗೊತ್ತಿರುವುದು ಇಂಗ್ಲಿಷ್ ಒಂದೇ. ಕನ್ನಡದ ಅಕ್ಷರಗಳನ್ನೆಲ್ಲ ಅದು ದಾರಿಯ ಕಲ್ಲು ದಾಟಿದ ಹಾಗೆ ದಾಟಿಕೊಂಡು, ನಡುನಡುವೆ ಸಿಕ್ಕ ಅಂಕಿಗಳನ್ನಷ್ಟೇ ಓದುತ್ತಿತ್ತು. ಮಿಸ್ ಫೋನು ಇಸಿದುಕೊಂಡು, "ನೂರಾ ಹತ್ತು ಅನ್ನೋದೊಂದು ಅರ್ಥ ಆಯ್ತು ಮಗಾ, ಕಟ್ಟೆಗೆ ನೀರು ಬರ್ತಾ ಐತೆ," ಎಂದರು. ಅಣೆಕಟ್ಟೆಯ ನೀರಿನ ಮಟ್ಟವನ್ನು ದಿನಾ ಪೇಪರಿನಲ್ಲಿ ನೋಡುವ ಊರಿನವರಲ್ಲವೆ. ಅವರ ದನಿಯಲ್ಲಿ ದೂರಿರಲಿಲ್ಲ. ನನಗೆ ದೂರಿದ್ದರೆ ವಾಸಿಯಿತ್ತು.

ಇಲ್ಲಿ ನಮ್ಮಜ್ಜಿಯ ಮನೆಯ ಬಾಗಿಲುಗಳ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಸ್ಪಷ್ಟವಾಗುವುದಿಲ್ಲ. ಅಮ್ಮನ ತಾಯಿಯ ಮನೆ ನಾಗಮಂಗಲದ ಕಡೆಯ ಹಳ್ಳಿಯಲ್ಲಿ. ಬೆಳ್ಳೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಆ ಮನೆಗೆ ಮುಂಬಾಗಿಲಿನಿಂದ ಯಾರೇ ಬರಲಿ, ಕಾಲಿಗೆ ನೀರು, ಕೂರಲು ಚಾಪೆ, ಬೆಲ್ಲ ನೀರು, ಊರಿನ ಮಳೆ ಬೆಳೆ ವಿಚಾರಣೆ, ಇಷ್ಟೂ ಆಗಿಯೇ ಮುಂದಿನ ಮಾತು. ಹಿತ್ತಿಲ ಬಾಗಿಲಿನಿಂದ ಬಂದವರಿಗೆ ಇದಾವುದೂ ಇಲ್ಲ; ನೇರ ಒಲೆಯ ಹತ್ತಿರ. ನಮ್ಮಪ್ಪ ಮದುವೆಯಾದ ಹೊಸತರಲ್ಲಿ ಒಮ್ಮೆ ಕಬ್ಬಿನ ಹೊರೆ ಹೊತ್ತು, ಮುಂದೆ ಕೆಸರಿದೆಯೆಂದು ಹಿತ್ತಿಲಿನಿಂದ ಒಳಗೆ ಹೋದರಂತೆ. ಅಜ್ಜಿ ತಲೆಯೆತ್ತಿ ನೋಡಿ, "ಆ ಕಾಯಿ ಸುಲ್ದು ಕೊಡಪ್ಪ ಅತ್ಲಾಗೆ," ಎಂದರಂತೆ. ಹೊಸ ಅಳಿಯ ಇಸ್ತ್ರಿ ಅಂಗಿಯಲ್ಲಿ ಕೂತು ಆರು ತೆಂಗಿನಕಾಯಿ ಸುಲಿದರು. ಅಮ್ಮ ರೇಗಿದಾಗ ಅಜ್ಜಿ ಕೊಟ್ಟ ಉತ್ತರ ನಮ್ಮ ಮನೆಯಲ್ಲಿ ಇವತ್ತಿಗೂ ಓಡಾಡುತ್ತದೆ: "ಮುಂಬಾಗ್ಲಲ್ಲಿ ಬಂದ್ರೆ ಅಳಿಯಂದ್ರು. ಇತ್ಲಿಂದ ಬಂದ್ರೆ ನಮ್ಮನೆ ಐಕ್ಳಂಗೇಯ. ನಂಗೇನು ಕನ್ಸು ಬಿದ್ದಿತ್ತಾ?"

ಕಂಪ್ಯೂಟರಿನ ಶೆಲ್ ಎಂಬುದು, ಅಂದರೆ ನಾವು ಟೈಪು ಮಾಡಿದ್ದನ್ನು ಕೇಳಿಸಿಕೊಂಡು ಕೆಲಸ ಮಾಡುವ ಆ ಕಪ್ಪು ಕಿಟಕಿಯ ಹಿಂದಿನ ಜೀವ, ನಮ್ಮಜ್ಜಿಯ ಹಾಗೆಯೇ. ಹೆಸರು, ಗುಪ್ತಪದ ಹೇಳಿ ದೂರದಿಂದ ಒಳಗೆ ಬಂದರೆ ಅದು ಮುಂಬಾಗಿಲು. ಆಗ ಅದು ಪ್ರೊಫೈಲ್ ಎಂಬ ಕಡತವನ್ನು ಓದುತ್ತದೆ. ಆಗಲೇ ಒಳಗಿದ್ದವರು ಇನ್ನೊಂದು ಕಿಟಕಿ ತೆರೆದರೆ ಅದು ಹಿತ್ತಿಲು. ಆಗ ಬ್ಯಾಷ್ ಆರ್‌ಸಿ ಎಂಬ ಬೇರೆ ಕಡತವನ್ನು ಓದುತ್ತದೆ. ಮನುಷ್ಯರು ಅವರೇ, ಮನೆ ಅದೇ, ಉಪಚಾರ ಬೇರೆ. ಕನ್ನಡದಲ್ಲಿ ಓದು ಎಂಬ ಸಾಲನ್ನು ನಾನು ಹಿತ್ತಿಲ ಕಡತದಲ್ಲಿ ಮಾತ್ರ ಬರೆದಿದ್ದೆ. ಮಿಸ್ ಮುಂದೆ ಕೂತು ಕಿಟಕಿ ತೆರೆದಾಗ ಅದಕ್ಕೇ ಎಲ್ಲ ಸರಿಯಿತ್ತು.

ಸೋಮವಾರ ಸಂಜೆ ಶಬಾನಾ ಅಕ್ಕನ ಫೋನನ್ನು ಯಂತ್ರದ ಹತ್ತಿರ ಇಡಿಸಿ, ಶ್ರೀರಂಗಪಟ್ಟಣದಿಂದ ಒಳಹೊಕ್ಕು ಓದಿಸಿ ನೋಡಿದೆ. ಅಂಕಿಗಳೇ ಬಂದವು. ತಪ್ಪು ಸಿಕ್ಕಿತೆಂದು ನನಗೆ ಒಳಗೊಳಗೇ ಹೆಮ್ಮೆ. ಪ್ರೊಫೈಲಿನಲ್ಲೂ ಅದೇ ಸಾಲು ಬರೆದೆ. ಮತ್ತೆ ಓದಿಸಿದೆ. ಕನ್ನಡ. "ಅಜ್ಜಿ, ನಿನ್ನಿಂದ ಬದುಕಿದೆ," ಅಂದುಕೊಂಡು ಮಲಗಿದೆ.

ಮಂಗಳವಾರ ಬೆಳಗ್ಗೆ ಟ್ವೆಂಟಿ ಫೋರ್.

ಆಮೇಲೆ ನಾನು ಮಾಡಿದ್ದು, ಮೊದಲಿಗೆ ಹೇಳಿದೆನಲ್ಲ, ಕಡತಗಳಿಗೆ ಗುರುತಿನ ಸಾಲು ಬರೆಯುವುದು. ಒಂದು ವಾರದ ಪಟ್ಟಿ ತೆಗೆದು ನೋಡಿದೆ. ನಾನು ದೂರದಿಂದ ಹೋದಾಗಲೆಲ್ಲ ಪ್ರೊಫೈಲಿನ ಹೆಸರಿತ್ತು. ಮುಂದಿನ ಭಾನುವಾರ ಮತ್ತೆ ಹೋಗಿ ಎದುರು ಕೂತು ಕಿಟಕಿ ತೆರೆದಾಗ ಬ್ಯಾಷ್ ಆರ್‌ಸಿಯ ಹೆಸರಿತ್ತು. ಬೆಳಗ್ಗೆ ಆರೂವರೆಯ ಹೊತ್ತಿಗೆ ಯಾವ ಹೆಸರೂ ಇಲ್ಲ, ಒಂದು ದಿನವೂ ಇಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್ ಎಂಬ ಗಡಿಯಾರದ ಆಳು ಬೆಳಗ್ಗೆ ಬಂದು ಹೋಗುತ್ತಿರುವುದು ನಿಜ, ಅಂಕಿಗಳು ಕೇಳಿಸುತ್ತಿವೆ. ಹಾಗಾದರೆ ಅದು ಬರುವ ಮೂರನೆಯ ಬಾಗಿಲೊಂದಿರಬೇಕು, ಅಲ್ಲೊಂದು ಮೂರನೆಯ ಕಡತ ಇರಬೇಕು. ನಾನು ಅದನ್ನು ಹುಡುಕಲು ಕೂತೆ. ಬಂದವರೆಲ್ಲ ಒಂದಲ್ಲ ಒಂದು ಬಾಗಿಲಿನಿಂದಲೇ ಬರಬೇಕೆಂದು ನಂಬಿದ ಮನೆಯಲ್ಲಿ ಬೆಳೆದವಳು. ಮೂರು ವಾರ ಇಲ್ಲದ ಬಾಗಿಲನ್ನು ತಡಕಾಡಿದೆ. ಸಿಕ್ಕ ಸಿಕ್ಕ ಕಡತಕ್ಕೆಲ್ಲ ಆ ಸಾಲನ್ನು ಬರೆದೆ. ಕೈಪಿಡಿಯಲ್ಲಿ ಉತ್ತರವಿದ್ದ ಪ್ಯಾರಾವನ್ನು ನಾನು ಎರಡು ಸಲ ಓದಿದ್ದೆ ಎಂಬುದನ್ನು ಆಮೇಲೆ ಕಂಡುಕೊಂಡೆ. ವಿದ್ಯಾರ್ಥಿಗಳಿಗೆ ಪ್ರಶ್ನೆಯನ್ನು ಸರಿಯಾಗಿ ಓದಿಕೊಳ್ಳಿ ಎಂದು ದಿನಾ ಹೇಳುವವಳು ನಾನೇ.

ನಾಲ್ಕನೆಯ ಭಾನುವಾರದ ಹೊತ್ತಿಗೆ ಮಿಸ್ ಮನೆಯಲ್ಲಿ ಯಂತ್ರ ತಮಾಷೆಯಾಗಿತ್ತು. ಶಬಾನಾ ಅಕ್ಕ ಅದಕ್ಕೆ ಲೆಕ್ಕದ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ನಾನು ಬಂದು ಮುಟ್ಟಿದೊಡನೆ ಅದು ನೀಟಾಗಿ ಕನ್ನಡ ಓದಿತು.

"ನೋಡು ಅದರ ನಾಟಕಾನ," ಎಂದರು ಮಿಸ್. "ಇನ್‌ಸ್ಪೆಕ್ಟ್ರು ಬಂದಾಗ ಮಾತ್ರ ಪಾಠ ಒಪ್ಪಿಸೋ ಹುಡ್ಗಂಗೆ."

ನಾನು ನಗಲು ನೋಡಿದೆ. ಶಬಾನಾ ಅಕ್ಕ ಒಳಗೆ ಹೋದ ಮೇಲೆ ಮಿಸ್ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಮುಂದಿನ ವಾರ ಇದನ್ನ ತಗೊಂಡ್ ಹೋಗ್ಬುಡು ಮಗಾ. ಬೇಜಾರು ಮಾಡ್ಕೋಬೇಡ. ಓದೋದು ಬಿಟ್ಟಿದ್ದೆ, ಬಿಟ್ಟಾಗಿತ್ತು. ಈಗ ದಿನಾ ಬೆಳಗ್ಗೆ ಇವತ್ತು ಓದ್ತದೆ ಅಂತ ಕಾಯ್ತೀನಿ. ಹಂಗೆ ಕಾಯೋದು ಬ್ಯಾಡ ನನಗೆ."

ಹೈಸ್ಕೂಲಿನ ಹಳೆಯ ತೊಂದರೆ ಆ ಕೋಣೆಯಲ್ಲಿ ಮತ್ತೆ ಬಂದಿತ್ತು. ಒಂದು ವಾರ ಕೊಡಿ ಮಿಸ್ ಎಂದಷ್ಟೇ ಅಂದೆ.

ಮುಂದಿನ ಶನಿವಾರ ಸಂಜೆಯೇ ಹೋಗಿ ಅವರ ಮನೆಯಲ್ಲಿ ಉಳಿದೆ. ಭಾನುವಾರ ಆರೂವರೆಗೆ ನಾನೇ ಎದುರು ಕೂತು ಕೇಳಿದೆ, ಏನೂ ಮುಟ್ಟದೆ. ಅಂಕಿಗಳು. ನಾನು ಲ್ಯಾಪ್‌ಟಾಪಿನ ತಂತಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಳ್ಳುವುದೋ ಬೇಡವೋ ಎಂದು ಜಗಲಿಗೆ ಬಂದು ನಿಂತೆ.

ಜಗಲಿಯ ಮೇಲೆ ಎರಡು ಪಾತ್ರೆಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು, ಎರಡಕ್ಕೂ ತಟ್ಟೆ ಮುಚ್ಚಿತ್ತು. ಹಾಲಿನ ನಿಂಗಮ್ಮ ಕ್ಯಾನು ಇಳಿಸಿ, ಬಗ್ಗಿ, ಎರಡಕ್ಕೂ ಅಳೆದು ಹಾಕಿ, ತಟ್ಟೆ ಮುಚ್ಚಿ ಹೊರಟರು. ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ.

"ಇವತ್ತು ಜಾಸ್ತಿ ಹಾಲು ಅಂತ ನಿಮಗೆ ಹೇಳಿದ್ರಾ?" ಎಂದು ಕೇಳಿದೆ. ನಾನು ಬಂದದ್ದಕ್ಕೆ ಹೆಚ್ಚು ಹಾಲು ಹೇಳಿರಬಹುದೆಂದು ಸಂಕೋಚ.

"ಯಾರು ಏಳ್ತಾರವ್ವ? ಎಲ್ರೂ ಒಳ್ಗಿರ್ತಾರೆ, ನಾನು ಒಳಿಕೆ ಓಗಕಿಲ್ಲ. ಇನ್ನೂ ಇಪ್ಪತ್ತು ಮನೆ ಐತೆ. ಒಂದ್ ಪಾತ್ರೆ ಮಡಗಿದ್ರೆ ಒಂದ್ಕೆ, ಎರಡು ಮಡಗಿದ್ರೆ ಎರಡ್ಕೆ. ಮಜ್ಜಿಗೆಗೆ ಎಮ್ಮೆ ಹಾಲು ಬೇಕಾದ್ರೆ ಮಣ್ಣಿನ ಕುಡ್ಕೆ ಮಡಗ್ತಾರೆ. ಒಳ್ಗೆ ಮದುವೆ ನಡೀತಿದ್ರೂ ನಂಗೊತ್ತಾಗಕಿಲ್ಲ."

ಅವರು ಮೂರನೆಯ ಮನೆಗೆ ಹೋಗಿ ಬಗ್ಗುವವರೆಗೂ ನಾನು ಅಲ್ಲೇ ನಿಂತು ನೋಡಿದೆ. ಮೂರು ವಾರ ನಾನು ಹುಡುಕಿದ ಮೂರನೆಯ ಬಾಗಿಲು ಇರಲೇ ಇಲ್ಲ. ಗಡಿಯಾರದ ಆಳು ಮನೆಯೊಳಗೆ ಬರುವುದೇ ಇಲ್ಲ. ಮುಂಬಾಗಿಲ ಉಪಚಾರವನ್ನೂ ಹಿತ್ತಿಲ ಸಲುಗೆಯನ್ನೂ ಅದು ಕಂಡದ್ದಿಲ್ಲ. ಒಳಗಿನ ಗೋಡೆಯ ಮೇಲೆ ಏನು ಬರೆದಿದ್ದರೂ ಅದಕ್ಕೆ ತಿಳಿಯುವುದಿಲ್ಲ. ಹೊರಗೆ ಏನಿಟ್ಟಿದೆಯೋ ಅದರಂತೆ ಕೆಲಸ ಮುಗಿಸಿ ಹೋಗುತ್ತದೆ. ಹೇಳಬೇಕಾದ್ದನ್ನೆಲ್ಲ ಓದುವ ಕಾರ್ಯಕ್ರಮದೊಳಗೇ ಇಡಬೇಕು.

ಒಳಗೆ ಹೋಗಿ ಕೂತೆ. ಕಾರ್ಯಕ್ರಮದ ಮೊದಲ ಸಾಲಿನ ಕೆಳಗೇ, ದನಿ ಕನ್ನಡದ್ದು, ಅಕ್ಷರ ಕನ್ನಡದ್ದು, ಓದುವ ಸಾಧನ ಇಂಥ ಕಡೆ ಇದೆ ಎಂದು ಮೂರು ಸಾಲು ಬರೆದೆ. ಎರಡು ನಿಮಿಷದ ಕೆಲಸ. ಇಡೀ ಮನೆಯ ಕಡತಗಳಿಗೆ ತುರುಕಿದ್ದ ಸಾಲುಗಳನ್ನು ಅಳಿಸಲು ಒಂದು ಗಂಟೆ ಹಿಡಿಯಿತು. ಗುರುತಿನ ಸಾಲುಗಳನ್ನು ಮಾತ್ರ ಉಳಿಸಿದೆ. ಶಬಾನಾ ಅಕ್ಕ ಕೊಟ್ಟ ಖೀರಿನ ಬಟ್ಟಲು ಪಕ್ಕದಲ್ಲಿ ಆರುತ್ತಿತ್ತು. ಆ ಎರಡನೆಯ ಪಾತ್ರೆ ಅದಕ್ಕೆಂದು ಆಗ ಗೊತ್ತಾಯಿತು.

"ಆಯ್ತಾ?" ಎಂದರು ಮಿಸ್, ಕೂತಲ್ಲಿಂದ.

ಈಗ ಓದಿಸಿ ತೋರಿಸುವುದಿಲ್ಲ ಮಿಸ್, ನಾನು ಮುಟ್ಟಿದರೆ ಅದು ಯಾವಾಗಲೂ ಸರಿಯಾಗಿಯೇ ಓದುತ್ತದೆ, ನಾಳೆ ಬೆಳಗ್ಗೆ ಓದದಿದ್ದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದೆ.

"ಅಚ್ಛಾ," ಎಂದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ನನ್ನ ಚೀಲವನ್ನು ಬಾಗಿಲ ಹತ್ತಿರ ತಂದಿಟ್ಟು, ಬಸ್ಸು ತಪ್ಪೀತು ಎಂದರು.

ಸೋಮವಾರ ನಾನು ಐದಕ್ಕೇ ಎದ್ದಿದ್ದೆ. ಆರೂವರೆಗೆ ಫೋನನ್ನು ಮುಂದಿಟ್ಟುಕೊಂಡು ಕೂತೆ. ಅಂಕಿಗಳಾಗಿದ್ದರೆ ಶಬಾನಾ ಅಕ್ಕನ ಫೋನು ಐದು ನಿಮಿಷದೊಳಗೆ ಬರುತ್ತಿತ್ತು, ಬರಲಿಲ್ಲ. ಒಂದು ದನಿಯೂ ಬಾರದೆ ಯಂತ್ರ ಸುಮ್ಮನಿದ್ದುಬಿಟ್ಟಿರಬಹುದು, ಅದನ್ನು ಹೇಳಲು ಅವರಿಗೆ ಮನಸ್ಸು ಬಾರದಿರಬಹುದು ಎಂದೆಲ್ಲ ತಲೆ ಓಡಿತು. ದೂರದಿಂದ ಒಳಹೊಕ್ಕು ನೋಡಬಹುದಿತ್ತು. ನೋಡಲು ಧೈರ್ಯವಾಗಲಿಲ್ಲ. ಏಳಕ್ಕೆ ಹತ್ತು ನಿಮಿಷವಿದ್ದಾಗ ತಡೆಯಲಾರದೆ ನಾನೇ ಫೋನು ಮಾಡಿದೆ.

ತುಂಬ ಹೊತ್ತು ಬಡಿದುಕೊಂಡ ಮೇಲೆ ಶಬಾನಾ ಅಕ್ಕ ಎತ್ತಿದರು. ಪಿಸುದನಿ.

"ಅಕ್ಕ, ಸದ್ದು ಮಾಡಿದ್ರೆ ಬಯ್ತಾರೆ. ಅಮ್ಮಿ ಓದ್ತಾವ್ರೆ. ಆಮೇಲೆ ಮಾಡಿ."

ಆಮೇಲೆ ಎಂದರೆ ಎಷ್ಟು ಹೊತ್ತಿಗೆ ಎಂದು ನಾನು ಕೇಳುವಷ್ಟರಲ್ಲಿ ಫೋನು ಇಟ್ಟುಬಿಟ್ಟಿದ್ದರು.